ಪರ-ವಿರೋಧ: ವಿಯೆಟ್ನಾಂನಲ್ಲಿ ಪಕ್ಷಕ್ಕೂ ದೇಶಕ್ಕೂ ಒಬ್ಬರೇ ಮುಖ್ಯಸ್ಥರು ಇರಬೇಕೆ?

ಪರ: ಅಧಿಕಾರ ಯಾರದೋ ಹುದ್ದೆಯೂ ಅವರದೇ ಆಗಲಿ

ವಿಯೆಟ್ನಾಂನಲ್ಲಿ ನಾಲ್ಕು ದೊಡ್ಡ ಹುದ್ದೆಗಳಿವೆ. ಕಮ್ಯುನಿಸ್ಟ್ ಪಕ್ಷದ ಪ್ರಧಾನ ಕಾರ್ಯದರ್ಶಿ, ರಾಷ್ಟ್ರಾಧ್ಯಕ್ಷ, ಪ್ರಧಾನಿ, ಸಂಸತ್ತಿನ ಅಧ್ಯಕ್ಷ. 'ನಾಲ್ಕು ಕಂಬ' ಅನ್ನುತ್ತಾರೆ. ಆದರೆ ಭಾರವೆಲ್ಲ ಮೊದಲ ಕಂಬದ ಮೇಲೇ. ಸಂವಿಧಾನದ 4ನೇ ವಿಧಿಯೇ ದೇಶ ನಡೆಸುವ ಸ್ಥಾನವನ್ನು ಪಕ್ಷಕ್ಕೆ ಕೊಟ್ಟಿದೆ. 2023ರ ಸೆಪ್ಟೆಂಬರ್‌ನಲ್ಲಿ ಆಗಿನ ಅಮೆರಿಕ ಅಧ್ಯಕ್ಷ ಬೈಡನ್ ರಾಜಧಾನಿ ಹನೋಯ್‌ಗೆ ಬಂದದ್ದು ರಾಷ್ಟ್ರಾಧ್ಯಕ್ಷರ ಆಹ್ವಾನದ ಮೇಲಲ್ಲ, ಪಕ್ಷದ ಪ್ರಧಾನ ಕಾರ್ಯದರ್ಶಿ ನ್ಗುಯೆನ್ ಫು ಟ್ರಾಂಗ್ ಕರೆದಿದ್ದಕ್ಕೆ. ಹೊರಗಿನವರಿಗೇ ಗೊತ್ತಿರುವುದನ್ನು ಕಾಗದದ ಮೇಲೆ ಬರೆಯಲು ಯಾಕೆ ಹಿಂಜರಿಯಬೇಕು?

ರಾಷ್ಟ್ರಾಧ್ಯಕ್ಷರ ಕುರ್ಚಿಯ ಗತಿ ಏನಾಯಿತು ನೋಡಿ. 2023ರ ಜನವರಿಯಲ್ಲಿ ನ್ಗುಯೆನ್ ಷುವಾನ್ ಫುಕ್ ರಾಜೀನಾಮೆ ಕೊಟ್ಟರು. ಮಾರ್ಚ್‌ನಲ್ಲಿ ವೋ ವಾನ್ ಥುವಾಂಗ್ ಬಂದರು, ಒಂದು ವರ್ಷಕ್ಕೆ ಅವರೂ ಹೋದರು. ಮಧ್ಯೆ ಎರಡು ಸಲ ಉಪಾಧ್ಯಕ್ಷೆ ವೋ ಥಿ ಆನ್ ಷುವಾನ್ ಹಂಗಾಮಿಯಾಗಿ ನಡೆಸಿದರು. 2024ರ ಮೇ ತಿಂಗಳಲ್ಲಿ ಟೊ ಲಾಮ್, ಅಕ್ಟೋಬರ್‌ನಲ್ಲಿ ಲುವಾಂಗ್ ಕುವಾಂಗ್.

ಇದರ ಬಿಸಿ ಕೆಳಗೆ ಹೇಗೆ ತಟ್ಟುತ್ತದೆ ಅಂತ ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮದು ಚಿಕ್ಕಮಗಳೂರಿನಲ್ಲಿ ಕಾಫಿ ವ್ಯಾಪಾರ. ರೊಬಸ್ಟಾ ಬೆಳೆಯುವುದರಲ್ಲಿ ವಿಯೆಟ್ನಾಂ ಜಗತ್ತಿಗೇ ಮೊದಲು. ಹಾಗಾಗಿ ಅಲ್ಲಿನ ದರದ ಮೇಲೆ ನಮ್ಮ ಕಣ್ಣು ಯಾವಾಗಲೂ ಇರುತ್ತದೆ. ಡಾಕ್ ಲಾಕ್ ಪ್ರಾಂತ್ಯದ ಬುವಾನ್ ಮಾ ಥುವಾಟ್‌ನಲ್ಲಿ ನನ್ನ ಸ್ನೇಹಿತರೊಬ್ಬರು ಗೋದಾಮು ದೊಡ್ಡದು ಮಾಡಬೇಕು ಅಂತಿದ್ದರು. ಜಾಗ ಅವರದೇ, ದುಡ್ಡೂ ಇತ್ತು. ಬೇಕಾಗಿದ್ದದ್ದು ಒಂದು ಸಹಿ. ಕಚೇರಿಯವರು ಕಾಗದ ನೋಡಿದರು, ಎಲ್ಲ ಸರಿ ಇದೆ ಅಂದರು, ಸಹಿ ಮಾತ್ರ ಹಾಕಲಿಲ್ಲ. ಟ್ರಾಂಗ್ ಅವರ 'ಉರಿಯುವ ಕುಲುಮೆ' ಭ್ರಷ್ಟಾಚಾರ ವಿರೋಧಿ ಅಭಿಯಾನ ಜೋರಾಗಿದ್ದ ಕಾಲ. ಮೇಲೆ ಯಾರು ಉಳಿಯುತ್ತಾರೆ, ಯಾರು ಹೋಗುತ್ತಾರೆ ಗೊತ್ತಿಲ್ಲ. ಇವತ್ತು ಹಾಕಿದ ಸಹಿಗೆ ನಾಳೆ ಯಾರಿಗೆ ಲೆಕ್ಕ ಕೊಡಬೇಕೋ ಅನ್ನೋ ಭಯ. ಮಳೆಗಾಲ ಬಂತು. ಮೂಟೆಗಳನ್ನು ಬಾಡಿಗೆ ಶೆಡ್ಡಿನಲ್ಲಿ ಇಟ್ಟರು, ತೇವ ಹಿಡಿದು ಕಾಳು ಕೆಟ್ಟಿತು. ಅವರ ಹೆಂಡತಿ ನನ್ನೆದುರೇ ಅತ್ತರು. ಆ ನಷ್ಟಕ್ಕೆ ಯಾರು ಜವಾಬ್ದಾರಿ? ನಾಲ್ಕು ಕಂಬದಲ್ಲಿ ಯಾವುದನ್ನು ಕೇಳಬೇಕು? ಒಬ್ಬರೇ ಇದ್ದರೆ ಕನಿಷ್ಠ ಯಾರನ್ನು ಕೇಳಬೇಕು ಅನ್ನುವುದಾದರೂ ಗೊತ್ತಿರುತ್ತದೆ.

ಸರ್ವಾಧಿಕಾರ ಬರುತ್ತದೆ ಅಂತ ಹೆದರಿಸುವವರು ಆ ದೇಶದಲ್ಲಿ ವಾರವೂ ಕಳೆದಿರುವುದಿಲ್ಲ. ಲೆ ಜುವಾನ್ 1960ರಿಂದ 1986ರವರೆಗೆ ಪಕ್ಷ ನಡೆಸಿದರು. ಅಷ್ಟು ವರ್ಷವೂ ದೇಶದ ಮುಖ್ಯಸ್ಥರು ಬೇರೆಯವರೇ. ಯಾರು ಅವರನ್ನು ತಡೆದರು? ಅವರು ತೀರಿಕೊಂಡ ಮೇಲೆ ಟ್ರುವಾಂಗ್ ಚಿನ್ ಎರಡೂ ಹುದ್ದೆ ಹಿಡಿದರು. ಅದೇ ಡಿಸೆಂಬರ್‌ನಲ್ಲಿ ಮಾರುಕಟ್ಟೆಗೆ ಬಾಗಿಲು ತೆರೆದ 'ದೊಯ್ ಮೊಯ್' ಆರ್ಥಿಕ ಸುಧಾರಣೆಗೆ ಪಕ್ಷ ಒಪ್ಪಿತು. ಇವತ್ತಿನ ಕಾಫಿ ತೋಟಗಳೆಲ್ಲ ಬೆಳೆದದ್ದು ಆ ಸುಧಾರಣೆಯಿಂದ.

ವಿರೋಧ: ಇಬ್ಬರಿರಲಿ

ಈ ಕಡೆಯಿಂದ ಬರೆಯಿರಿ ಅಂತ ಕೇಳಿದರು, ಬರೆಯುತ್ತಿದ್ದೇನೆ. ಒಂದೇ ಪಕ್ಷ ಇರುವ ದೇಶದಲ್ಲಿ ಹುದ್ದೆ ಹಂಚಿದ ಮಾತ್ರಕ್ಕೆ ಜನರ ಕೈಗೆ ಅಧಿಕಾರ ಬರುತ್ತದೆ ಅಂತ ನಾನು ನಂಬಿಲ್ಲ. ಆದರೂ ಇಬ್ಬರಿರುವುದೇ ಮೇಲು.

ಪಕ್ಷದ ಪ್ರಧಾನ ಕಾರ್ಯದರ್ಶಿಯೇ ಪಕ್ಷದ ಸೇನಾ ಆಯೋಗದ ಮುಖ್ಯಸ್ಥರು. ರಾಷ್ಟ್ರಾಧ್ಯಕ್ಷರು ಸಂವಿಧಾನದ ಪ್ರಕಾರ ಸೇನೆಯ ದಂಡನಾಯಕರು. ಪ್ರಧಾನಿಯ ಹೆಸರನ್ನು ಸಂಸತ್ತಿನ ಮುಂದಿಡುವುದೂ ಅವರೇ. ಇಷ್ಟೂ ಒಂದೇ ಮೇಜಿಗೆ ಬಂದರೆ ಬೇಡ ಅನ್ನಲು ಪಕ್ಷದ ಉನ್ನತ ಸಮಿತಿಯಾದ ಪಾಲಿಟ್‌ಬ್ಯೂರೋದಲ್ಲಿ ಯಾರಿಗೆ ಧೈರ್ಯ? ಬೇಗ ಕೆಲಸ ಆಗಲು ಒಬ್ಬರೇ ಇರಲಿ ಅನ್ನುವವರು ಕೇಳುತ್ತಿರುವುದು ಒಬ್ಬ ರಾಜನನ್ನು.

ರಾಷ್ಟ್ರಾಧ್ಯಕ್ಷರಾಗಿದ್ದ ಹೋ ಚಿ ಮಿನ್ ಎರಡೂ ಹುದ್ದೆ ಹಿಡಿದಿದ್ದರು ಅಂತ ಆಗಾಗ ಹೇಳುತ್ತಾರೆ. ಅವರು ಪಕ್ಷದ ಅಧ್ಯಕ್ಷರೂ ಆಗಿದ್ದು ನಿಜ. ಆದರೆ 1956ರವರೆಗೆ ಪ್ರಧಾನ ಕಾರ್ಯದರ್ಶಿ ಟ್ರುವಾಂಗ್ ಚಿನ್. ಭೂಸುಧಾರಣೆಯ ಹೆಸರಲ್ಲಿ ನಡೆದ ಅತಿರೇಕಕ್ಕೆ ಹೊಣೆ ಹೊತ್ತು ಆ ವರ್ಷ ಕೆಳಗಿಳಿದದ್ದು ಅವರೇ. ಟ್ರಾಂಗ್ ವಿಷಯ ಬೇರೆ. 2018ರಲ್ಲಿ ರಾಷ್ಟ್ರಾಧ್ಯಕ್ಷ ಟ್ರಾನ್ ದಾಯ್ ಕ್ವಾಂಗ್ ತೀರಿಕೊಂಡಾಗ ಆ ಹುದ್ದೆಯೂ ಅವರಿಗೇ ಬಂತು. ಎರಡೂ ಕೈಯಲ್ಲಿದ್ದಾಗಲೇ, 2021ರಲ್ಲಿ, ಸತತ ಎರಡೇ ಅವಧಿ ಎಂಬ ಪಕ್ಷದ ನಿಯಮ ಮೀರಿ ಮೂರನೇ ಅವಧಿ ಪಡೆದರು. ನನಗೆ ಕಳವಳ ಆಗುವುದು ಇಲ್ಲೇ. ಅವರ ನಂತರ ಬಂದವರು ಎಷ್ಟು ಅವಧಿ ಕೇಳುತ್ತಾರೋ!

ಟ್ರಾಂಗ್ ತೀರಿಕೊಂಡ ಮೇಲೆ 2024ರ ಆಗಸ್ಟ್‌ನಲ್ಲಿ ಪ್ರಧಾನ ಕಾರ್ಯದರ್ಶಿಯಾದ ಟೊ ಲಾಮ್ ಪೊಲೀಸ್ ಇಲಾಖೆಯಿಂದ ಬಂದವರು, ಲುವಾಂಗ್ ಕುವಾಂಗ್ ಸೇನೆಯಿಂದ. 2024ರ ಅಕ್ಟೋಬರ್ 21ರಂದು ಕುವಾಂಗ್ ರಾಷ್ಟ್ರಾಧ್ಯಕ್ಷರಾದಾಗ ಒಂದು ಬಗೆಯ ಸಮತೋಲ ಬಂತು. ಅದರಿಂದ ಕೆಲಸ ನಿಂತಿತೇ? 2025ರ ಜುಲೈ 1ರಿಂದ 63 ಪ್ರಾಂತ್ಯಗಳು 34 ಆದವು, ಜಿಲ್ಲಾ ಮಟ್ಟದ ಆಡಳಿತವನ್ನೇ ತೆಗೆದುಹಾಕಿದರು. ಆಗ ಎರಡು ಹುದ್ದೆಗಳೂ ಇಬ್ಬರ ಬಳಿಯೇ ಇದ್ದವು.