ಉಸಿರು ಸೋಸುವ ಡಬ್ಬಿ

ಭಾನುವಾರ ಬೆಳಿಗ್ಗೆ ಕಾರಿನ ಬಾನೆಟ್ ಎತ್ತಿ ನಿಲ್ಲುವುದರಲ್ಲಿ ಒಂದು ಗತ್ತಿದೆ. ಒಳಗೆ ಏನು ಎಲ್ಲಿದೆ ಅಂತ ಗೊತ್ತಿರಲೇಬೇಕೆಂದಿಲ್ಲ. ಸೊಂಟಕ್ಕೆ ಕೈ ಕೊಟ್ಟು, ಹುಬ್ಬು ಗಂಟಿಕ್ಕಿ ನೋಡುತ್ತಿದ್ದರೆ ಸಾಕು, ದಾರಿಯಲ್ಲಿ ಹೋಗುವವರು ನಮ್ಮನ್ನು ತಿಳಿದವರೆಂದೇ ಭಾವಿಸುತ್ತಾರೆ. ಆ ಪೈಪು, ವೈರುಗಳ ಜಾತ್ರೆಯಲ್ಲಿ ನಾನು ಧೈರ್ಯವಾಗಿ ಕೈ ಹಾಕುವುದು ಒಂದೇ ಕಡೆ. ಅದು ಏರ್ ಫಿಲ್ಟರಿನ ಕಪ್ಪು ಡಬ್ಬಿ.

ನಾಲ್ಕು ಕ್ಲಿಪ್ಪು. ಟಕ್, ಟಕ್, ಟಕ್. ನಾಲ್ಕನೆಯದು ಯಾವಾಗಲೂ ಕೈಗೆ ಸಿಗದ ಮೂಲೆಯಲ್ಲೇ ಇರುತ್ತದೆ. ಮುಚ್ಚಳ ಸರಿಸಿದರೆ ಒಳಗೆ ಮಡಿಕೆ ಮಡಿಕೆಯ ಕಾಗದ, ಹಾರ್ಮೋನಿಯಂ ತಿದಿಯ ಹಾಗೆ. ಈ ಸಲ ಅದರ ಮಡಿಕೆಗಳ ನಡುವೆ ಒಂದು ಒಣ ಎಲೆ, ಯಾವುದೋ ಹಕ್ಕಿಯ ಬಿಳಿ ಪುಕ್ಕ, ಒಂದಷ್ಟು ಸೊಳ್ಳೆ, ಮತ್ತೆ ಅರ್ಧ ಮುರಿದ ಚಿಟ್ಟೆ ರೆಕ್ಕೆ ಇತ್ತು. ರೆಕ್ಕೆಯ ಬಣ್ಣ ಇನ್ನೂ ಮಾಸಿರಲಿಲ್ಲ. ಉಳಿದದ್ದೆಲ್ಲ ಮಣ್ಣು ಬಣ್ಣದ ಧೂಳು.

ಇಷ್ಟೆಲ್ಲ ಕಸ ಹೇಗೆ ಬಂತು ಅಂತ ಆಶ್ಚರ್ಯಪಡುವ ಮೊದಲು ಸ್ವಲ್ಪ ಲೆಕ್ಕ ಹಾಕಬೇಕು. ಪೆಟ್ರೋಲಿನ ಲೆಕ್ಕವನ್ನು ಪೈಸೆ ಬಿಡದೆ ಇಡುವ ನಾವು ಗಾಳಿಯ ಲೆಕ್ಕ ಕೇಳುವುದೇ ಇಲ್ಲ. ಪುಕ್ಕಟೆ ಅಲ್ವಾ! 1 ಗ್ರಾಂ ಪೆಟ್ರೋಲ್ ಸರಿಯಾಗಿ ಉರಿಯಬೇಕಾದರೆ ಸುಮಾರು 14.7 ಗ್ರಾಂ ಗಾಳಿ ಬೇಕು. ಒಂದು ಲೀಟರ್ ಪೆಟ್ರೋಲಿಗೆ ಹತ್ತಿರ ಹತ್ತಿರ 11 ಕಿಲೋ. ಗಾಳಿಯನ್ನು ತೂಕದಲ್ಲಿ ಹೇಳಿದರೆ ಮನಸ್ಸಿಗೆ ನಾಟುವುದಿಲ್ಲ. ಅಳತೆಯಲ್ಲಿ ಹೇಳಿದರೆ ಅದು 9,000 ಲೀಟರ್. ನಾನು ಸುಮ್ನೆ ಕುರ್ಚಿಯಲ್ಲಿ ಕೂತು ಉಸಿರಾಡಿದರೆ ಅಷ್ಟು ಗಾಳಿ ಎಳೆಯಲು ಸುಮಾರು 20 ಗಂಟೆ ಬೇಕು. ಅಂದರೆ ನಾನು ಹೆಚ್ಚುಕಡಿಮೆ ಒಂದು ದಿನವಿಡೀ ಆಡುವ ಉಸಿರನ್ನು ಕಾರು ಒಂದು ಲೀಟರಿನಲ್ಲಿ ಮುಗಿಸುತ್ತದೆ. ಅದೂ ಲಾರಿಯ ಹಿಂದೆ, ಮಣ್ಣು ರಸ್ತೆಯ ಮೇಲೆ, ಮೂಗಿಗೆ ಕರ್ಚೀಫು ಹಿಡಿಯದೆ. ಅದರ ಕರ್ಚೀಫು ಈ ಕಾಗದವೇ.

ಮೊದಲೆಲ್ಲ ನಾನು ಈ ಫಿಲ್ಟರನ್ನು ಕಂಡ ಕೂಡಲೇ ನೆಲಕ್ಕೆ ಬಡಿಯುತ್ತಿದ್ದೆ. ಧೂಳು ಎದ್ದಷ್ಟೂ ಖುಷಿ. ಒಮ್ಮೆ ಸೋಪಿನ ನೀರಿನಲ್ಲಿ ಅದ್ದಿಯೂ ಇಟ್ಟೆ. ಬಿಸಿಲಿಗೆ ಒಣಗಿಸಿದಾಗ ಅದು ಮಳೆಯಲ್ಲಿ ನೆಂದ ಲಗ್ನಪತ್ರಿಕೆಯ ಹಾಗೆ ಸೊಟ್ಟಗಾಗಿತ್ತು. ಕಾಗದದ ಫಿಲ್ಟರನ್ನು ತೊಳೆಯಬಾರದು, ಬಡಿಯಲೂಬಾರದು. ನಿಜ ಹೇಳಬೇಕೆಂದರೆ ಹೊಚ್ಚಹೊಸ ಫಿಲ್ಟರಿಗಿಂತ ಸ್ವಲ್ಪ ಧೂಳು ಕೂತ ಫಿಲ್ಟರೇ ಚೆನ್ನಾಗಿ ಸೋಸುತ್ತದೆ. ಕೂತ ಧೂಳು ಬರುವ ಧೂಳನ್ನು ಹಿಡಿಯುತ್ತದೆ. ಫಿಲ್ಟರ್ ಕೊಳೆಯಾದರೆ ಮೈಲೇಜ್ ಬೀಳುತ್ತದೆ ಅನ್ನುವುದೂ ಕಂಪ್ಯೂಟರಿಲ್ಲದೆ ಕಾರ್ಬ್ಯುರೇಟರೇ ಗಾಳಿಗೆ ಪೆಟ್ರೋಲ್ ಬೆರೆಸುತ್ತಿದ್ದ ಕಾಲದ ಮಾತು. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದವರು 2009ರಲ್ಲಿ ಪರೀಕ್ಷೆ ಮಾಡಿ ನೋಡಿದರು. ಈಗಿನ ಪೆಟ್ರೋಲ್ ಕಾರಿನಲ್ಲಿ ಫಿಲ್ಟರ್ ಕಟ್ಟಿಕೊಂಡರೆ ಕಾರಿನ ಓಟದ ಬಿರುಸು ಕಡಿಮೆಯಾಗುತ್ತದೆ, ಮೈಲೇಜಿಗೆ ಹೇಳಿಕೊಳ್ಳುವಂಥ ಪೆಟ್ಟು ಬೀಳುವುದಿಲ್ಲ. ಗಾಳಿ ಎಷ್ಟು ಬಂತೋ ಅಷ್ಟಕ್ಕೇ ಕಾರಿನೊಳಗಿನ ಕಂಪ್ಯೂಟರು ಪೆಟ್ರೋಲ್ ಕೊಡುತ್ತದೆ.

ಹಾಗಾಗಿ ಈಗ ನಾನು ಒರೆಸುವುದು ಕಡಿಮೆ, ನೋಡುವುದು ಜಾಸ್ತಿ. ಫಿಲ್ಟರಿನ ಹಿಂದೆ ಮೊಬೈಲ್ ಟಾರ್ಚ್ ಹಿಡಿದು ಒಂದೊಂದೇ ಮಡಿಕೆ ಬಿಡಿಸುತ್ತೇನೆ. ಬೆಳಕು ಮಬ್ಬಾಗಿ ಹರಡಿದರೆ ಸರಿ. ಸೂಜಿಮೊನೆಯಷ್ಟು ಚುಕ್ಕೆ ಫಳಕ್ಕನೆ ಹೊಳೆದರೆ ತೂತು ಬಿದ್ದಿದೆ ಅಂತ, ಹೊಸದು ತರಲೇಬೇಕು. ಆಮೇಲೆ ಡಬ್ಬಿಯ ಒಳಬದಿಗೆ, ಎಂಜಿನ್ ಕಡೆಗೆ ಬೆರಳು ಹಾಕಿ ಸವರುತ್ತೇನೆ. ಕಸದ ಕಡೆ ಎಷ್ಟೇ ಕಸ ಇರಲಿ, ಚಿಂತೆಯಿಲ್ಲ. ಆದರೆ ಈ ಕಡೆ ಬೆರಳಿಗೆ ಚೂರು ಮಣ್ಣು ಹತ್ತಿದರೂ ಎದೆ ಧಸಕ್ಕೆನ್ನಬೇಕು. ಅಂಚಿನ ರಬ್ಬರ್ ಸರಿಯಾಗಿ ಕೂತಿಲ್ಲ, ಸೋಸದ ಗಾಳಿ ಕಳ್ಳದಾರಿ ಹಿಡಿದಿದೆ ಎಂದರ್ಥ. ಆ ಮಣ್ಣು ಪಿಸ್ಟನ್ನಿನ ಹತ್ತಿರ ಹೋಗಿ ಮರಳು ಕಾಗದದ ಕೆಲಸ ಮಾಡುತ್ತದೆ.

ಇದಾದ ಮೇಲೆ ಡಬ್ಬಿಯಿಂದ ಎಂಜಿನ್ ಕಡೆಗೆ ಗಾಳಿ ಒಯ್ಯುವ ರಬ್ಬರ್ ಹೋಸು. ಅದರ ನೆರಿಗೆಗಳನ್ನು ಹಿಗ್ಗಿಸಿ ನೋಡದಿದ್ದರೆ ಬಿರುಕು ಕಾಣಿಸುವುದೇ ಇಲ್ಲ. ಹೋಸಿನ ತುದಿಯಲ್ಲಿ ಥ್ರಾಟಲ್ ಬಾಡಿ, ಅಂದರೆ ಎಂಜಿನ್ನಿಗೆ ಹೋಗುವ ಗಾಳಿಯನ್ನು ಹೆಚ್ಚುಕಡಿಮೆ ಮಾಡುವ ಬಾಗಿಲು, ಅದರೊಳಗೊಂದು ಹಿತ್ತಾಳೆ ಬಣ್ಣದ ಬಿಲ್ಲೆ. ಅದರ ಅಂಚಿನಲ್ಲಿ ಕಪ್ಪು ಜಿಡ್ಡು. ಇದು ಹೊರಗಿನ ಧೂಳಲ್ಲ. ಎಂಜಿನ್ನು ತನ್ನದೇ ಎಣ್ಣೆಯ ಆವಿಯನ್ನು ಮತ್ತೆ ಎಳೆದುಕೊಂಡು ಮಾಡಿಕೊಂಡ ಕೊಳೆ. ಅದಕ್ಕೆಂದೇ ಸಿಗುವ ಕ್ಲೀನರನ್ನು ಬಟ್ಟೆಗೆ ಹಾಕಿ ಒರೆಸಿದರೆ ಹೋಗುತ್ತದೆ. ಈಗಿನ ಕಾರುಗಳಲ್ಲಿ ಆ ಬಿಲ್ಲೆಯನ್ನು ತಿರುಗಿಸುವುದು ಮೋಟರು, ಬೆರಳಿನಿಂದ ನೂಕಿದರೆ ಕೆಡಬಹುದು.

ನನ್ನ ಕೆಲಸ ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಡಬ್ಬಿಯ ಪಕ್ಕದಲ್ಲೇ ಬರುವ ಗಾಳಿಯನ್ನು ಅಳೆಯುವ ಸೆನ್ಸರ್ ಇದೆ. ಅದರೊಳಗಿನ ತಂತಿ ತೀರಾ ನಾಜೂಕು. ಬಟ್ಟೆ, ಬೆರಳು ಯಾವುದೂ ತಾಗಬಾರದು. ನಾನು ತಾಗಿಸಲಿಲ್ಲ. ಬಿಚ್ಚಿ, ಟಾರ್ಚ್ ಹಿಡಿದು, ಭಕ್ತಿಯಿಂದ ದರ್ಶನ ಮಾಡಿ ವಾಪಸ್ ಕೂರಿಸಿದೆ. ಎಲ್ಲ ಮುಚ್ಚಿ ಎಂಜಿನ್ ಸ್ಟಾರ್ಟ್ ಮಾಡಿದರೆ ಕಾರು ಬಿಕ್ಕಳಿಸತೊಡಗಿತು. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಆಕಾರದ ಹಳದಿ ದೀಪ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಮೈಯೆಲ್ಲ ಬೆವತು ಮತ್ತೆ ಬಾನೆಟ್ ಎತ್ತಿದರೆ, ಸೆನ್ಸರಿನ ವೈರಿನ ಕನೆಕ್ಟರ್ ಗಾಳಿಯಲ್ಲಿ ನೇತಾಡುತ್ತಿತ್ತು. ಸಿಕ್ಕಿಸಿದೆ, 'ಟಿಕ್' ಅಂತು. ಬಿಕ್ಕಳಿಕೆ ನಿಂತಿತು. ಆ ದೀಪ ಮಾತ್ರ ಎರಡು ದಿನ ನನ್ನನ್ನೇ ನೋಡುತ್ತಾ ಉರಿಯಿತು.

ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದ ಹೆಂಡತಿ ಏನೂ ಕೇಳಲಿಲ್ಲ. ಕೈ ತೊಳೆದು ಒಳಗೆ ಬಂದರೆ ಹಾಲಿನ ನಡುವೆ ಸ್ಟೂಲು, ಅದರ ಮೇಲೆ ಒದ್ದೆ ಬಟ್ಟೆ. ಮೇಲೆ ಸೀಲಿಂಗ್ ಫ್ಯಾನು, ಮೂರೂ ರೆಕ್ಕೆಗಳ ಅಂಚಿನಲ್ಲಿ ಬೆರಳು ದಪ್ಪ ಧೂಳು.

"ಏನ್ರೀ, ಇದರಲ್ಲಿ ಬಿಚ್ಚೋಕೆ ಏನೂ ಇಲ್ಲ," ಅಂದಳು. "ಸುಮ್ನೆ ಒರೆಸಿ."