ಜಾತ್ರೆ ಪೈಲ್ವಾನನದೂ ಒಂದು ಕಸುಬು

ದಸರೆ ಬಂತೆಂದರೆ ಒಂದಷ್ಟು ಜನ ‘ಗರಡಿಗಳು ಖಾಲಿಯಾಗುತ್ತಿವೆ, ಈಗಿನ ಹುಡುಗರಿಗೆ ಮೊಬೈಲೊಂದಿದ್ದರೆ ಸಾಕು’ ಅಂತ ಬರೆದು ಕೈತೊಳೆದುಕೊಳ್ಳುತ್ತಾರೆ. ಹುಡುಗರನ್ನು ಬೈಯೋದು ಸುಲಭ. ಪೈಲ್ವಾನಗಿರಿಯೂ ಹೊಟ್ಟೆಪಾಡಿನ ಕಸುಬು, ಅದಕ್ಕೂ ಬಂಡವಾಳ, ಹಂಗಾಮು, ನಷ್ಟ, ನಿವೃತ್ತಿ ಎಲ್ಲ ಇದೆ ಅನ್ನೋ ಲೆಕ್ಕವನ್ನು ಮಾತ್ರ ಯಾರೂ ಹಾಕೋದಿಲ್ಲ. ಅತ್ತ ಕೊಲ್ಲಾಪುರ, ಬೆಳಗಾವಿ, ಬಾಗಲಕೋಟೆ, ಇತ್ತ ದಾವಣಗೆರೆ, ಮೈಸೂರು ಅಂತ ಮೈದಾನದಿಂದ ಮೈದಾನಕ್ಕೆ ಅಲೆದು ಆಡುವವನನ್ನು ನಾವು ಜಾನಪದ ಕಲಾವಿದನ ಹಾಗೆ ನೋಡುತ್ತೇವೆ. ಅವನು ಅಪ್ಪಟ ವೃತ್ತಿಪರ ಆಟಗಾರ.

ಮೊದಲು ಖರ್ಚು. ಏರುವ ವಯಸ್ಸಿನ ಪೈಲ್ವಾನನಿಗೆ ದಿನಕ್ಕೆ 2 ಲೀಟರ್ ಹಾಲು, 100 ಗ್ರಾಂ ಬಾದಾಮಿ, ಅಷ್ಟೇ ತುಪ್ಪ, ಕಾಲು ಕೆಜಿ ಮಟನ್ ಅಂತ ಇಟ್ಟುಕೊಳ್ಳಿ. ಇವತ್ತಿನ ಪೇಟೆ ದರದಲ್ಲಿ ತಿಂಗಳಿಗೆ 12 ಸಾವಿರಕ್ಕೆ ಕಡಿಮೆ ಆಗೋದಿಲ್ಲ. ಇದು ಎಮ್ಮೆ ಕಟ್ಟಿಕೊಳ್ಳದ ಮನೆಯ ಲೆಕ್ಕ. ಬಾದಾಮಿಯನ್ನು ರಾತ್ರಿ ನೆನೆಹಾಕಿ, ಸಿಪ್ಪೆ ಸುಲಿದು, ಗಸಗಸೆ, ನಾಲ್ಕು ಕಾಳುಮೆಣಸು, ಏಲಕ್ಕಿ, ಕಲ್ಲುಸಕ್ಕರೆ ಸೇರಿಸಿ ನುಣ್ಣಗೆ ಅರೆದು ಹಾಲಿಗೆ ಬೆರೆಸಿದರೆ ಥಂಡಾಯಿ. ತರಿತರಿಯಾಗಿ ಉಳಿದರೆ ಅರಗೋದಿಲ್ಲ, ಹೊಟ್ಟೆ ಕೆಡುತ್ತದೆ. ಸಾಮು, ಅಂದರೆ ಗರಡಿಯ ಕಸರತ್ತು, ಮುಗಿದ ತಕ್ಷಣ ಗಟಗಟ ಕುಡಿಯೋದೂ ತಪ್ಪು, ಬೆವರು ಆರಿ ಉಸಿರು ನೆಲೆಗೆ ಬರಲಿ, ಅರ್ಧ ಗಂಟೆ ತಡೆದರೆ ಏನೂ ನಷ್ಟವಿಲ್ಲ.

ಬಸ್ಕಿಯ, ನೆಲಕ್ಕೆ ಕೈಯೂರಿ ಹೊಡೆಯುವ ದಂಡದ ಲೆಕ್ಕದಲ್ಲೂ ಇದೇ ಅವಸರ. ಸಾವಿರ ಬಸ್ಕಿ ಹೊಡೆಯುವ ಹಿರಿಯನನ್ನು ನೋಡಿ ಹೊಸ ಹುಡುಗ ತಿಂಗಳಲ್ಲೇ 500 ಮುಟ್ಟಲು ಹೋಗುತ್ತಾನೆ. ಮಂಡಿಚಿಪ್ಪಿನ ಕೆಳಗೆ ನೋವು ಹಿಡಿಯೋದು ಅಲ್ಲಿಂದಲೇ. 50ರಿಂದ ಶುರುಮಾಡಿ ವಾರಕ್ಕೆ 10–20 ಏರಿಸಿದರೆ ಸಾಕು. ಕುಸ್ತಿ ಗೆಲ್ಲಿಸೋದು ಎಣಿಕೆಯಲ್ಲ, ಕತ್ತು ಮತ್ತು ಸೊಂಟ.

ಇನ್ನು ಮಣ್ಣು. ನೋಡುವವರಿಗೆ ಅದು ಬರೀ ಕೆಮ್ಮಣ್ಣು. ಕಲ್ಲು, ಬೇರು, ಗಾಜಿನ ಚೂರು ಉಳಿಯದ ಹಾಗೆ ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಶಿನ, ನಿಂಬೆರಸ, ಕರ್ಪೂರ, ಬೇವಿನ ಎಲೆ ಸೇರಿಸಿ ಹದ ಮಾಡಿರುತ್ತಾರೆ. ಹಿಡಿಯಲ್ಲಿ ಹಿಚುಕಿದರೆ ಉಂಡೆ ಕಟ್ಟಬೇಕು, ಬೆರಳು ತಾಗಿಸಿದರೆ ಉದುರಬೇಕು, ಅದೇ ಹದ. ನೀರು ಹೆಚ್ಚಾದರೆ ಹೆಂಟೆಯಾಗಿ ಬೆನ್ನಿಗೆ ಚುಚ್ಚುತ್ತದೆ, ಒಣಗಿದರೆ ಧೂಳೆದ್ದು ಮೈ ತರಚುತ್ತದೆ. ದಿನಾ ಗುದ್ದಲಿಯಿಂದ ಅಗೆದು ಮಗುಚಬೇಕು, ಆಮೇಲೆ ಹಲಗೆಯ ಮೇಲೆ ಹುಡುಗನೊಬ್ಬನನ್ನು ಕೂರಿಸಿ ಎಳೆದು ಸಮ ಮಾಡಬೇಕು. ಅಗೆಯೋದೇ ಅರ್ಧ ಸಾಮು. ನಾಲ್ಕು ದಿನ ಬಿಟ್ಟರೆ ಮಣ್ಣು ಗಟ್ಟಿಯಾಗಿ, ಬಿದ್ದವನ ಭುಜ ಕಳಚುತ್ತದೆ. ಜಾತ್ರೆಗೆ ಎರಡು ದಿನ ಇದೆ ಅನ್ನುವಾಗ ಟ್ರ್ಯಾಕ್ಟರಿನಲ್ಲಿ ಮಣ್ಣು ಸುರಿಸಿ ಅಖಾಡ ಅನ್ನುವ ಕಮಿಟಿಗಳಿಗೆ ಇದನ್ನು ಯಾರಾದರೂ ಹೇಳಬೇಕು.

ಆದಾಯದ ಕಡೆ ಬನ್ನಿ. ಉತ್ತರ ಕರ್ನಾಟಕದ ಪೋಸ್ಟರಿನಲ್ಲಿ ‘ಭಾರಿ ಜಂಗಿ ನಿಕಾಲಿ ಕುಸ್ತಿಗಳು’ (ಸೋಲು-ಗೆಲುವು ತೀರ್ಮಾನವಾಗುವವರೆಗೆ ಆಡುವ ಕುಸ್ತಿಗಳು) ಅಂತ ದಪ್ಪ ಅಕ್ಷರ, ಕೆಳಗೆ ಒಂದನೇ ನಂಬರಿನ ಜೋಡಿ, ಎರಡನೇ ನಂಬರಿನ ಜೋಡಿ, ಹೀಗೆ ಸಾಲು. ಮೈದಾನದಲ್ಲಿ ಇದು ತಿರುವುಮುರುವು. ಮೊದಲು ಚಿಕ್ಕ ಹುಡುಗರು ತೆಂಗಿನಕಾಯಿಗೋ ಹತ್ತಿಪ್ಪತ್ತು ರೂಪಾಯಿಗೋ ಆಡುತ್ತಾರೆ, ಹೊತ್ತು ಮುಳುಗುವಾಗ ಹಲಗಿಯ ಸದ್ದು ಏರಿ ಒಂದನೇ ನಂಬರಿನವರು ಇಳಿಯುತ್ತಾರೆ. ಇನಾಮು, ಬೆಳ್ಳಿ ಕಡಗ, ಗದೆ ಎಲ್ಲ ಮೇಲಿನ ಎರಡು ಮೂರು ಜೋಡಿಗೆ. ಕೆಳಗಿನವರಿಗೆ ಬಸ್ಸಿನ ಖರ್ಚು ಗಿಟ್ಟಿದರೆ ಪುಣ್ಯ. ಸಂಕ್ರಾಂತಿಯಿಂದ ಮಳೆ ಹಿಡಿಯುವವರೆಗೆ ಒಂದು ಹಂಗಾಮು, ನಾಗರಪಂಚಮಿಯಿಂದ ದಸರೆಯವರೆಗೆ ಇನ್ನೊಂದು. ಶಿವರಾತ್ರಿ ಹೊತ್ತಿಗೆ ಮಂಡಿ ಹೋಯಿತೋ, ಆ ವರ್ಷದ ದುಡಿಮೆ ಹೋಯಿತು.

ಮೈಸೂರಿನಲ್ಲಿ ದಸರೆಗೆ ಮುಂಚೆ ಯಾರಿಗೆ ಯಾರು ಎದುರಾಳಿ ಅಂತ ಜೋಡಿ ಕಟ್ಟುತ್ತಾರಲ್ಲ, ಕಸುಬಿನ ಅತ್ಯಂತ ಸೂಕ್ಷ್ಮ ಕೆಲಸ ಅದು. ಮೈಕಟ್ಟು, ತೂಕ, ಹಿಂದೆ ಯಾರ ಜೊತೆ ಆಡಿದ್ದಾನೆ, ಯಾವ ಪಟ್ಟಿನವನು, ಎಲ್ಲ ನೋಡಿ ಗರಡಿಯ ಗುರುಗಳಾದ ವಸ್ತಾದಿಗಳು ಒಪ್ಪಬೇಕು. ತಪ್ಪು ಜೋಡಿಯಾದರೆ ಒಂದೇ ನಿಮಿಷಕ್ಕೆ ಬೆನ್ನು ನೆಲಕ್ಕೆ ಹತ್ತಿ ಚಿತ್. ತೀರಾ ಸರಿಸಮನಾದರೆ ಅರ್ಧ ಗಂಟೆ ಕತ್ತು ಹಿಡಿದು ತಳ್ಳಾಟ, ಕಡೆಗೆ ತೀರ್ಪು ಕೊಡುವ ಪಂಚರು ‘ಸಮ’ ಅಂತ ಕೈ ಎತ್ತಿಸುತ್ತಾರೆ, ಜನ ‘ಒಳಒಪ್ಪಂದ’ ಅಂತ ಸಿಳ್ಳೆ ಹಾಕುತ್ತಾರೆ. ಒಳಒಪ್ಪಂದ ಇಲ್ಲವೇ ಇಲ್ಲ ಅನ್ನಲಾರೆ. ಆದರೆ ಬಹಳ ಸಲ ಅಲ್ಲಿ ನಡೆಯೋದು ಮುಂದಿನ ವಾರದ ಜಾತ್ರೆಗೆ ಮೈ ಉಳಿಸಿಕೊಳ್ಳುವ ಲೆಕ್ಕಾಚಾರ. ಒಬ್ಬ ಸೋಲುವವರೆಗೆ ಬಿಡದೆ ಆಡುವ ಮಾರ್ಫಿಟ್ ಕುಸ್ತಿ ಬೇಕು ಅನ್ನುವವರು ಮುರಿದ ಮೂಳೆಯ ಖರ್ಚೂ ಕೊಡಬೇಕಾಗುತ್ತದೆ.

ನನ್ನ ನಿಜವಾದ ತಕರಾರು ಇರೋದು ಮ್ಯಾಟಿನ, ಅಂದರೆ ಅಧಿಕೃತ ಟೂರ್ನಿಗಳಲ್ಲಿ ಮಣ್ಣಿನ ಬದಲು ಹಾಸುವ ಮೆತ್ತನೆಯ ಹಾಸಿನ ವಿಷಯದಲ್ಲಿ. 18–20ರವರೆಗೆ ಹುಡುಗನನ್ನು ಮಣ್ಣಲ್ಲೇ ಆಡಿಸಿ, ಆಮೇಲೆ ‘ರಾಷ್ಟ್ರಮಟ್ಟದ ಪದಕ ತಾ’ ಅಂದರೆ ಎಲ್ಲಿಂದ ತರುತ್ತಾನೆ? ಎರಡೂ ಬೇರೆ ಬೇರೆ ಆಟ. ಮಣ್ಣಿನಲ್ಲಿ ಬೆನ್ನು ನೆಲಕ್ಕೆ ಹತ್ತುವವರೆಗೆ ಸೋಲಿಲ್ಲ. ಹಾಗಾಗಿ ಕೆಳಗೆ ಬಿದ್ದವನು ಹೊಟ್ಟೆ ಮೇಲೆ ಮಲಗಿ, ಮಣ್ಣಿಗೆ ಅಂಟಿಕೊಂಡು, ಮೇಲಿನವನನ್ನು ದಣಿಸುತ್ತಾನೆ, ಅದು ಒಳ್ಳೆಯ ರಕ್ಷಣೆ. ಮ್ಯಾಟಿನ ಮೇಲೆ ಅದೇ ಅಭ್ಯಾಸ ಮುಳುವು. ಫ್ರೀಸ್ಟೈಲಿನಲ್ಲಿ ಕೆಡವಿದ್ದಕ್ಕೆ 2 ಪಾಯಿಂಟ್. ಎರಡು ಕಾಲುಗಳನ್ನು ಹೆಣೆದು ಹಿಡಿದು ಒಂದು ಸಲ ಉರುಳಿಸಿದರೆ ಮತ್ತೆ 2. ನಾಲ್ಕು ಉರುಳು ಉರುಳಿಸಿದರೆ 10–0, ಹತ್ತು ಪಾಯಿಂಟಿನ ಅಂತರವಾದರೆ ಅಲ್ಲಿಗೆ ಕುಸ್ತಿ ಖತಂ. ಜಾತ್ರೆಯಲ್ಲಿ ಒಂದು ಗಂಟೆ ಜಗ್ಗದವನು ಒಂದು ನಿಮಿಷದಲ್ಲಿ ಹೊರಗೆ. ಉಸಿರಿನ ಲೆಕ್ಕವೂ ಬೇರೆ: 3 ನಿಮಿಷದ ಎರಡು ಸುತ್ತು, ನಡುವೆ 30 ಸೆಕೆಂಡು ಬಿಡುವು, 9 ಮೀಟರ್ ವ್ಯಾಸದ ವೃತ್ತ. ಕಾದು ಕೂರುವವನಿಗೆ ರೆಫರಿ ಎಚ್ಚರಿಕೆ ಕೊಡುತ್ತಾನೆ.

ಮಹಾರಾಷ್ಟ್ರದ ಕರಾಡ ಹತ್ತಿರದ ಗೋಳೇಶ್ವರದ ಖಾಶಾಬಾ ಜಾಧವ್ ಮಣ್ಣಿನಲ್ಲೇ ಬೆಳೆದವರು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಮ್ಯಾಟು ಅವರಿಗೆ ಹೊಸದು, ಆದರೂ ಆರನೆಯವರಾದರು. ನಾಲ್ಕು ವರ್ಷ ಮ್ಯಾಟಿನ ಆಟಕ್ಕೆ ಮೈ ಪಳಗಿಸಿ 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚು ಗೆದ್ದರು, ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ. ನಮ್ಮಲ್ಲಿ ಬಾದಾಮಿ ಸೀಮೆಯ ಹಲಕುರ್ಕಿಯ ಅರ್ಜುನ್ 2020ರ ದೆಹಲಿ ಏಷ್ಯನ್ ಚಾಂಪಿಯನ್‌ಶಿಪ್ಪಿನಲ್ಲಿ 55 ಕೆಜಿ ಗ್ರೀಕೋ-ರೋಮನ್ ಕಂಚು ತಂದರು. ಕಾಲು ಮುಟ್ಟುವ ಹಾಗೇ ಇಲ್ಲದ ಆಟ ಅದು, ಜಾತ್ರೆ ಅಖಾಡದಲ್ಲಿ ಅದರ ಅಭ್ಯಾಸ ಎಲ್ಲಿಂದ ಬರಬೇಕು? 12–13ನೇ ವಯಸ್ಸಿಗೇ ವಾರಕ್ಕೆ ಮೂರು ದಿನ ಮ್ಯಾಟು, ಉಳಿದ ದಿನ ಮಣ್ಣು ಅಂತ ಮಾಡಿದರೆ ಎರಡೂ ಕೈಗೆ ಹತ್ತುತ್ತವೆ. ಮಣ್ಣು ಕೈಹಿಡಿತವನ್ನೂ ಸೊಂಟದ ಬಲವನ್ನೂ ಕೊಡುತ್ತದೆ, ಅದನ್ನು ಬಿಡಿ ಅಂತ ನಾನು ಹೇಳುತ್ತಿಲ್ಲ.

ಕಿವಿಯ ಮಾತು. ಮುರುಟಿದ ಕಿವಿ ಪೈಲ್ವಾನನ ಬಿರುದು ಅನ್ನೋ ಹುಂಬತನ ಇನ್ನೂ ಹೋಗಿಲ್ಲ. ಉಜ್ಜಾಟದಲ್ಲಿ ಕಿವಿಯ ಮೃದ್ವಸ್ಥಿಗೂ ಅದರ ಹೊದಿಕೆಗೂ ನಡುವೆ ರಕ್ತ ತುಂಬುತ್ತದೆ. ಮೊದಲ ಕೆಲವು ದಿನಗಳಲ್ಲೇ ವೈದ್ಯರಿಂದ ಅದನ್ನು ತೆಗೆಸಿ, ಮತ್ತೆ ತುಂಬದ ಹಾಗೆ ಒತ್ತಿ ಕಟ್ಟಿಸಿಕೊಂಡರೆ ಕಿವಿ ಉಳಿಯುತ್ತದೆ. ಬಿಟ್ಟರೆ ಒಳಗೇ ಗಟ್ಟಿಯಾಗಿ ಗಂಟುಗಟ್ಟುತ್ತದೆ. ಗರಡಿಯಲ್ಲೇ ಸೂಜಿ ಚುಚ್ಚಿಕೊಂಡರೆ ಕೀವು ಗ್ಯಾರಂಟಿ. ಹುಳಕಡ್ಡಿಯೂ ಅಷ್ಟೇ: ಒಬ್ಬನ ಲಂಗೋಟಿ, ಒಬ್ಬನ ಟವೆಲ್ಲು ಇನ್ನೊಬ್ಬ ಮುಟ್ಟಬಾರದು, ಕಲೆ ಇರುವವನು ವಾಸಿಯಾಗುವವರೆಗೆ ಅಖಾಡಕ್ಕೆ ಇಳಿಯಬಾರದು.

ಮೂವತ್ತೈದು ದಾಟುವ ಹೊತ್ತಿಗೆ ಆಟ ನಿಲ್ಲುತ್ತದೆ, ಊಟ ನಿಲ್ಲೋದಿಲ್ಲ. ಬಸ್ಕಿ ಬಿಟ್ಟು ತುಪ್ಪ ಬಿಡದವನಿಗೆ ಬಿಪಿ, ಶುಗರ್ ಎರಡೂ ಬರುತ್ತವೆ. ಸಾಮು ಇಳಿಸಿದಷ್ಟೇ ತಟ್ಟೆಯನ್ನೂ ಇಳಿಸಬೇಕು, ಮೊದಲು ಹೋಗಬೇಕಾದ್ದು ತುಪ್ಪ.

ಕೊನೆಯದಾಗಿ ಕಾಗದಪತ್ರ. ಮಾಜಿ ಪೈಲ್ವಾನರಿಗೆ ನಮ್ಮ ಸರ್ಕಾರ ಜಿಲ್ಲೆ, ರಾಜ್ಯ, ರಾಷ್ಟ್ರ ಅಂತ ಮಟ್ಟ ನೋಡಿ ಮಾಸಾಶನ ಕೊಡುತ್ತದೆ. ಮಟ್ಟ ತೋರಿಸಲು ದಾಖಲೆ ಬೇಕು. ನೂರು ಜಾತ್ರೆ ಗೆದ್ದವನ ಹತ್ತಿರ ಇರೋದು ಪೋಸ್ಟರು, ಹಾರ ಹಾಕಿದ ಫೋಟೊ. 27 ವರ್ಷ ಪೊಲೀಸ್ ಇಲಾಖೆಯಲ್ಲಿ ದುಡಿದ ಜಾಧವರೇ ಪಿಂಚಣಿಗೆ ಅಲೆಯಬೇಕಾಯಿತು, ಜಾತ್ರೆ ಪೈಲ್ವಾನನ ಗತಿ ಕೇಳಬೇಕೇ? ಆದ್ದರಿಂದ ವಸ್ತಾದಿಗಳೇ, ಹುಡುಗನನ್ನು ವರ್ಷಕ್ಕೊಂದಾದರೂ ಅಧಿಕೃತ ಟೂರ್ನಿಗೆ ಇಳಿಸಿ. ಸರ್ಟಿಫಿಕೇಟಿನಲ್ಲಿ ಹೆಸರು, ಇನಿಷಿಯಲ್ಲು ಆಧಾರ್ ಕಾರ್ಡಿನಲ್ಲಿ ಇರುವ ಹಾಗೇ ಬರೆಸಿ. ಹೆಸರಿನ ಮುಂದೆ ಪೈಲ್ವಾನ ಅನ್ನೋದಕ್ಕೆ ಹಾಕುವ ‘ಪೈ.’ ಪೋಸ್ಟರಿನಲ್ಲಿ ಇದ್ದರೆ ಸಾಕು.