ಟನ್ನಿಗೆ ಇಷ್ಟು ಪುಣ್ಯ

ಮಂಗಳೂರು ಪಣಂಬೂರಿನ ನಮ್ಮ ಬಂದರು ಹಸಿರಾಗಲಿದೆ. 2030ಕ್ಕೆ ಇಂಗಾಲದ ಹೊಗೆ ಶೇ 30 ಕಡಿತ, 2047ಕ್ಕೆ ಶೇ 70. ಬಂದರುಗಳಿಗೆಂದು ಕೇಂದ್ರ ಸರ್ಕಾರ ತಂದ ‘ಹರಿತ್ ಸಾಗರ್’ ಮಾರ್ಗಸೂಚಿ 2023ರಲ್ಲೇ ಹೇಳಿಬಿಟ್ಟಿದೆ, ಓದಿ ಓದಿ ನಿಮಗೂ ಬಾಯಿಪಾಠ ಆಗಿರಬೇಕು. ಆದರೆ ಆ ವಾಕ್ಯದ ನಡುವೆ ಮೂರು ಪುಟ್ಟ ಪದ ಇದೆ: ಪ್ರತಿ ಟನ್ ಸರಕಿಗೆ. ಇದನ್ನು ಸೇರಿಸಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಸಿಕ್ಕರೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಸನ್ಮಾನ ಮಾಡಬೇಕು.

ಲೆಕ್ಕ ಸುಲಭ. ಬಂದರಿನ ಹೊಗೆಯನ್ನು ಮೇಲೆ ಬರೆಯಿರಿ, ಸರಕಿನ ತೂಕವನ್ನು ಕೆಳಗೆ ಬರೆಯಿರಿ, ಭಾಗಿಸಿ. ಉತ್ತರ ಚಿಕ್ಕದಾಗಬೇಕಾ? ಮೇಲಿನದ್ದನ್ನು ಇಳಿಸಬಹುದು, ಅದು ಕಷ್ಟ. ಕೆಳಗಿನದ್ದನ್ನು ಏರಿಸಬಹುದು, ಬಂದರಿನ ಕಸುಬೇ ಅದು. ಟನ್ನಿಗೆ ಶೇ 30 ಹೊಗೆ ಇಳಿದು, ಸರಕು ಒಂದೂವರೆ ಪಟ್ಟಾಯಿತು ಅಂತಿಟ್ಟುಕೊಳ್ಳಿ. 100 ಇದ್ದ ಹೊಗೆ 105 ಆಗುತ್ತದೆ. ಇಳಿಸುತ್ತಾ ಇಳಿಸುತ್ತಾ ಏರಿಸುವ ಈ ವಿದ್ಯೆ ನಮಗೆ ಶಾಲೆಯಲ್ಲಿ ಯಾರೂ ಕಲಿಸಲಿಲ್ಲ.

ಇನ್ನು ಸರಕು ಏನು ಅಂತ ನೋಡಿ. ವರ್ಷಕ್ಕೆ 4 ಕೋಟಿ ಟನ್ನಿಗೂ ಜಾಸ್ತಿ. ಎಂಆರ್‌ಪಿಎಲ್ ತೈಲ ಶುದ್ಧೀಕರಣ ಘಟಕಕ್ಕೆ ಕಚ್ಚಾ ತೈಲ, ಅಡುಗೆ ಗ್ಯಾಸು, ಉಡುಪಿ ಜಿಲ್ಲೆ ಯೆಲ್ಲೂರಿನ ವಿದ್ಯುತ್ ಸ್ಥಾವರಕ್ಕೆ ವಿದೇಶದ ಕಲ್ಲಿದ್ದಲು. ಒಂದು ಟನ್ ಕಲ್ಲಿದ್ದಲು ಸುಟ್ಟರೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಆದರೆ ಅದು ಸುಟ್ಟವರ ಲೆಕ್ಕ. ಬಂದರಿನ ಪುಸ್ತಕದಲ್ಲಿ ಕಲ್ಲಿದ್ದಲು ಬರೀ ತೂಕ. ಕ್ರೇನಿನ ಹೊಗೆ ಅಷ್ಟೇ ವೇಗದಲ್ಲಿ ಏರದಿದ್ದರೆ ಸಾಕು, ಹಡಗಿನಿಂದ ಕಲ್ಲಿದ್ದಲು ಇಳಿದಷ್ಟೂ ಬಂದರು ಹಸಿರು.

ನಮ್ಮೂರಲ್ಲಿ ಒಬ್ಬರು ಬಾರ್ ಮಾಲೀಕರಿದ್ದರು. ಜನ್ಮದಲ್ಲಿ ಒಂದು ತೊಟ್ಟು ಮುಟ್ಟಿದವರಲ್ಲ. ಗಲ್ಲಾದಲ್ಲಿ ಕೂತು ಬೊಂಡ ಕುಡಿಯುತ್ತಿದ್ದರು. ಗಿರಾಕಿಗಳು ಗೋಡೆ ಹಿಡಿದುಕೊಂಡು ಮನೆಗೆ ಹೊರಟರೆ, ‘ಎಂಥದು ಮಾರಾಯ್ರೆ, ಹಾಳು ಅಭ್ಯಾಸ’ ಅಂತ ಬೇಜಾರು ಮಾಡಿಕೊಳ್ಳುತ್ತಿದ್ದರು. ನಾಟಕ ಅಲ್ಲ, ನಿಜವಾದ ಬೇಜಾರು. ಆಮೇಲೆ ಇನ್ನೊಂದು ಕೇಸ್ ಬಿಯರ್ ಇಳಿಸಿಕೊಳ್ಳುತ್ತಿದ್ದರು. ಪಾಪ, ಅವರ ಕಾಲಕ್ಕೆ ಮಾರ್ಗಸೂಚಿ ಇರಲಿಲ್ಲ. ಇದ್ದಿದ್ದರೆ ‘ಪ್ರತಿ ಬಾಟಲಿಗೆ ಮಾಲೀಕರು ಕುಡಿದದ್ದು: ಸೊನ್ನೆ’ ಅಂತ ಬೋರ್ಡು ಹಾಕಿಸಬಹುದಿತ್ತು.

ಬಂದರು ತನ್ನ ಕರೆಂಟಿಗೆ ಸೌರ ಫಲಕ ಹಾಕಿಕೊಂಡಿದೆ. ಅದನ್ನು ನಾನು ತಮಾಷೆ ಮಾಡುವುದಿಲ್ಲ. ಕಟ್ಟಿ ನಿಲ್ಲಿಸಿದ ಹಡಗು ದೀಪಕ್ಕೂ ಪಂಪಿಗೂ ತನ್ನದೇ ಇಂಜಿನ್ ಓಡಿಸುತ್ತಾ ಹೊಗೆ ಬಿಡುತ್ತದಲ್ವಾ, ಅದಕ್ಕೆ ದಡದಿಂದ ಕರೆಂಟು ಕೊಡಬೇಕು ಅನ್ನುವುದೂ ಮಾರ್ಗಸೂಚಿಯಲ್ಲಿದೆ. ಒಳ್ಳೆಯದೇ. ಹಡಗು ಕಲ್ಲಿದ್ದಲು ಇಳಿಸುತ್ತದೆ, ಅದು ಯೆಲ್ಲೂರಿನಲ್ಲಿ ಉರಿಯುತ್ತದೆ, ಕರೆಂಟು ಗ್ರಿಡ್ಡಿಗೆ ಸೇರುತ್ತದೆ, ಮುಂದಿನ ಕಲ್ಲಿದ್ದಲಿನ ಹಡಗು ಬಂದಾಗ ಗ್ರಿಡ್ಡಿನಿಂದ ಪ್ಲಗ್ ಚುಚ್ಚಬಹುದು. ಹೊಗೆಯೇ ಇಲ್ಲದ ಕಲ್ಲಿದ್ದಲು ಹಡಗು! ಫೋಟೋ ತೆಗೆಸಿಕೊಳ್ಳಲು ಜನ ಸಾಲು ನಿಲ್ಲುತ್ತಾರೆ.

ನಕ್ಕು ನಕ್ಕು ಸಾಕಾಯಿತು. ಉಳ್ಳಾಲ, ಸೋಮೇಶ್ವರದ ಕಡೆ ಮಳೆಗಾಲ ಅಂದರೆ ಕಡಲ ಬದಿಯವರಿಗೆ ನಿದ್ದೆ ಇಲ್ಲ. ಲಾರಿಯಲ್ಲಿ ಕಲ್ಲು ತಂದು ಸುರಿಯುತ್ತಾರೆ, ಕಡಲು ನುಂಗುತ್ತದೆ, ಮರುವರ್ಷ ಮತ್ತೆ ಸುರಿಯುತ್ತಾರೆ. ಕೊರೆತಕ್ಕೆ ಕಾರಣ ಹತ್ತಾರು ಇರಬಹುದು. ಇಂಥ ಹೊಗೆಗೆ ಭೂಮಿ ಬಿಸಿಯಾಗಿ ಕಡಲು ಏರುತ್ತಿರುವುದೂ ಅದರಲ್ಲಿ ಸೇರಿದೆ. ಅಲ್ಲಿ ತೆಂಗಿನಮರ ಅರ್ಧ ಹೋಗುವುದಿಲ್ಲ, ಅಡುಗೆಮನೆ ಶೇ 30 ಹೋಗುವುದಿಲ್ಲ. ಹೋದರೆ ಪೂರ್ತಿ ಹೋಗುತ್ತದೆ. ಅವರ ಮುಂದೆ ನಿಂತು ‘ಪ್ರತಿ ಟನ್ ಸರಕಿಗೆ’ ಅಂತ ಒಮ್ಮೆ ಹೇಳಿ ನೋಡಿ.

ಬೋರ್ಡು ಬೇಡ, ಗಿಡ ನೆಡುವ ಫೋಟೋ ಬೇಡ. ಬಂದರಿನದ್ದು ಒಟ್ಟು ಎಷ್ಟು ಹೊಗೆ, ಅಲ್ಲಿ ಇಳಿಸಿದ ಸರಕು ಸುಟ್ಟಾಗ ಬರುವುದು ಎಷ್ಟು? ಭಾಗಿಸದೆ ಹೇಳಿ ಮಾರಾಯ್ರೆ.